ಭಾನುವಾರದ ನಾಯಿ ಅಭ್ಯಾಸ: ದಯವಿಟ್ಟು ಓದಿ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ 6.30ಕ್ಕೆ ಪಾರ್ಕಿನ ಹಿಂದೆ ಸೇರೋಣ. 6 ಅಡಿಯ ಮಾಮೂಲಿ ಲೀಶ್ (ನಾಯಿಯನ್ನು ಹಿಡಿದುಕೊಳ್ಳುವ ಪಟ್ಟಿ) ತನ್ನಿ. ಎಳೆದಷ್ಟೂ ಉದ್ದವಾಗುವಂಥದ್ದು ಬೇಡ, ಅದು ಎಳೆಯೋದನ್ನೇ ಕಲಿಸುತ್ತದೆ. ನಾಯಿಗೆ ಬಹುಮಾನವಾಗಿ ಕೊಡಲು ಬೇಯಿಸಿದ ಕೋಳಿ ಅಥವಾ ಪನೀರ್ ತನ್ನಿ, ಕಡಲೆಕಾಳಿನಷ್ಟು ಚೂರುಗಳು ಸಾಕು.

ಅಷ್ಟರೊಳಗೆ ಮನೆಯಲ್ಲಿ ‘ಸಿಟ್’ ಶುರು ಮಾಡಿ. ಚೂರನ್ನು ಮೂಗಿನ ಹತ್ತಿರ ಹಿಡಿದು, ನಿಧಾನವಾಗಿ ತಲೆಯ ಮೇಲಿಂದ ಹಿಂದಕ್ಕೆ ಸರಿಸಿ. ತಲೆ ಮೇಲೆದ್ದರೆ ಹಿಂಭಾಗ ತಾನಾಗಿ ಕೆಳಗಿಳಿಯುತ್ತದೆ. ಕೂತ ತಕ್ಷಣ ಕೊಡಿ. ಬೆನ್ನು ಒತ್ತಿ ಕೂರಿಸಬೇಡಿ. ಮನೆಯವರೆಲ್ಲ ಒಂದೇ ಪದ ಬಳಸಿ. ನಾನು ‘ಸಿಟ್’ ಅಂದರೆ ಅಮ್ಮ ‘ಕೂತ್ಕೋ’ ಅನ್ನೋರು. ನಮ್ಮ ನಾಯಿ ಇಬ್ಬರ ಮುಖ ನೋಡ್ತಾ ಸುಮ್ನೆ ನಿಂತಿರುತ್ತಿತ್ತು!

ನಡೆಯುವಾಗ ಲೀಶ್ ಬಿಗಿಯಾದರೆ ನಿಂತುಬಿಡಿ, ಸಡಿಲವಾದ ಮೇಲೆ ಹೆಜ್ಜೆ ಇಡಿ. ಒಂದು ಸಲಕ್ಕೆ 5 ನಿಮಿಷಕ್ಕಿಂತ ಜಾಸ್ತಿ ಅಭ್ಯಾಸ ಬೇಡ.

ಲಸಿಕೆ ಪೂರ್ತಿಯಾಗದ ಮರಿಗಳನ್ನು ಸದ್ಯಕ್ಕೆ ಕರೆತರಬೇಡಿ.