ಸ್ಟೇರಿಂಗ್ ಆಯಿಲ್: ಮೇಲಿಂದ ಸುರಿದರೆ ಬದಲಿಸಿದಂತಾಗದು

ಮಾನ್ಯ ಸಂಪಾದಕರೇ,

“ಸ್ಟೇರಿಂಗ್ ಜಡ ಆಗೇತ್ರಿ.” “ಅರ್ಧಾ ಲೀಟರ್ ಆಯಿಲ್ ಹಾಕೇನ್ರಿ, ಆರಾಮ ಹೋಗ್ರಿ.” ಬೆಳಗಾವಿಯ ಖಾನಾಪುರ ರಸ್ತೆಯಲ್ಲಾಗಲಿ ವಿಜಯಪುರದ ಸೋಲಾಪುರ ರಸ್ತೆಯಲ್ಲಾಗಲಿ, ಗ್ಯಾರೇಜಿನ ಮುಂದೆ ಸ್ವಲ್ಪ ಹೊತ್ತು ನಿಂತರೆ ಈ ಮಾತು ಕಿವಿಗೆ ಬೀಳುತ್ತದೆ. ಇಂಜಿನ್ ಆಯಿಲನ್ನು ಲೆಕ್ಕ ಹಾಕಿ ಬದಲಿಸುವವರೂ ಪವರ್ ಸ್ಟೇರಿಂಗ್ ಆಯಿಲನ್ನು ಗಾಡಿ ಮಾರುವವರೆಗೆ ಬದಲಿಸುವುದಿಲ್ಲ. ತಪ್ಪು ಅವರೊಬ್ಬರದಲ್ಲ. ಹಲವು ಗಾಡಿಗಳ ಸರ್ವಿಸ್ ಪುಸ್ತಕದಲ್ಲಿ ಈ ಆಯಿಲಿನ ಎದುರು ‘ಪರೀಕ್ಷಿಸಿ’ ಎಂದಷ್ಟೇ ಇರುತ್ತದೆ. ಪರೀಕ್ಷೆ ಎಂದರೆ ಡಬ್ಬಿಯಲ್ಲಿ ಎಷ್ಟಿದೆ ನೋಡುವುದು, ಇಳಿದಿದ್ದರೆ ಸುರಿಯುವುದು ಎಂದಾಗಿಹೋಗಿದೆ. ಆದರೆ ಇದು ಇಂಜಿನ್ ಆಯಿಲಿನಂತೆ ಉರಿದು ಕಡಿಮೆಯಾಗುವಂಥದ್ದಲ್ಲ. ಡಬ್ಬಿ, ಪಂಪ್, ಪೈಪು, ರ‍್ಯಾಕ್ (ಸ್ಟೇರಿಂಗ್ ತಿರುವಿದಾಗ ಚಕ್ರಗಳನ್ನು ಹೊರಳಿಸುವ ಹಲ್ಲಿನ ದಂಡ) ಇಷ್ಟರೊಳಗೇ ಸುತ್ತುವ ಆಯಿಲ್ ಇಳಿದಿದೆ ಎಂದರೆ ಎಲ್ಲೋ ಸೋರುತ್ತಿದೆ.

ಹೈಡ್ರಾಲಿಕ್ ಪಂಪು, ವಾಲ್ವುಗಳಿಗೆ ಹೆಸರಾದ ಊರು ನಮ್ಮ ಬೆಳಗಾವಿ. ಉದ್ಯಮಬಾಗದ ಯಾವ ಕಾರ್ಖಾನೆಯಲ್ಲೂ ಪ್ರೆಸ್ ಮಷಿನ್ನಿನ ಆಯಿಲ್ ಡಾಂಬರಿನಂತಾಗುವವರೆಗೆ ಬಿಡುವುದಿಲ್ಲ. ಅದೇ ಕಾರ್ಖಾನೆಯ ಗೇಟಿನ ಹೊರಗೆ ನಿಂತ ಬೊಲೆರೊದ ಡಬ್ಬಿ ತೆರೆದರೆ ಕಪ್ಪು ಕಷಾಯ! ಎರಡರ ಕೆಲಸವೂ ಒಂದೇ ತತ್ವದ್ದು. ಬೆಲ್ಟಿನಿಂದ ತಿರುಗುವ ಪಂಪ್ ಆಯಿಲನ್ನು 70–80 ಬಾರ್ ಅಥವಾ ಇನ್ನೂ ಹೆಚ್ಚಿನ ಒತ್ತಡಕ್ಕೆ ಏರಿಸುತ್ತದೆ, ರ‍್ಯಾಕ್‌ನೊಳಗಿನ ಪಿಸ್ಟನ್ನನ್ನು ಆ ಒತ್ತಡ ದೂಡುತ್ತದೆ. ಪಂಪಿನಿಂದ ಸವೆದ ಲೋಹದ ಪುಡಿ, ಹಳೆಯ ಪೈಪಿನ ಒಳಗಿನಿಂದ ಉದುರಿದ ರಬ್ಬರ್ ಎಲ್ಲವೂ ಅದೇ ಆಯಿಲಿನಲ್ಲಿ ಸುತ್ತುತ್ತ ಸೀಲುಗಳನ್ನು ಉಜ್ಜುತ್ತವೆ. ಬಾಗಲಕೋಟೆ, ವಿಜಯಪುರಗಳ ಬೇಸಿಗೆಯಲ್ಲಿ, ಚೋರ್ಲಾ ಘಾಟಿನ ತಿರುವುಗಳಲ್ಲಿ ಆಯಿಲ್ ಇನ್ನಷ್ಟು ಕಾದು ಬೇಗ ಕೆಡುತ್ತದೆ. ಪುಸ್ತಕದಲ್ಲಿ ಅವಧಿ ಕೊಟ್ಟಿದ್ದರೆ ಅದನ್ನೇ ಪಾಲಿಸಿ. ಕೊಡದಿದ್ದರೆ ಮೂರು ವರ್ಷಕ್ಕೆ ಅಥವಾ 50–60 ಸಾವಿರ ಕಿ.ಮೀ.ಗೆ ಒಮ್ಮೆ ಬದಲಿಸುವುದು ಲೇಸು.

ಮೊದಲು ನಿಮ್ಮ ಗಾಡಿಯಲ್ಲಿ ಆಯಿಲ್ ಇದೆಯೇ ನೋಡಿ. ಈಗಿನ ಸಣ್ಣ ಕಾರುಗಳಲ್ಲಿ ಹೆಚ್ಚಿನವಕ್ಕೆ ಇರುವುದು ಎಲೆಕ್ಟ್ರಿಕ್ ಸ್ಟೇರಿಂಗ್. ಅವುಗಳಲ್ಲಿ ಆಯಿಲೂ ಇಲ್ಲ, ಡಬ್ಬಿಯೂ ಇಲ್ಲ. ಬೊಲೆರೊ, ಸುಮೊ, ಕ್ವಾಲಿಸ್, ಟವೇರಾ, ಹಳೆಯ ಇನ್ನೊವಾದಂಥ ಗಾಡಿಗಳದು ಆಯಿಲಿನದು. ಬಾನೆಟ್ ಎತ್ತಿದರೆ ಮುಚ್ಚಳದ ಮೇಲೆ ಸ್ಟೇರಿಂಗ್ ಚಿತ್ರವಿರುವ ಸಣ್ಣ ಡಬ್ಬಿ ಕಾಣುತ್ತದೆ. ಡಬ್ಬಿ ಇದ್ದು ಪಂಪಿಗೆ ಬೆಲ್ಟ್ ಇಲ್ಲದೆ ಕರೆಂಟಿನ ಮೋಟಾರ್ ಇದ್ದರೆ ಅದರ ಏರ್ (ಆಯಿಲಿನೊಳಗೆ ಸಿಕ್ಕಿಕೊಂಡ ಗಾಳಿ) ತೆಗೆಯುವ ಕ್ರಮವೇ ಬೇರೆ. ಅದನ್ನು ಮನೆಯಲ್ಲಿ ಕೆಣಕಬೇಡಿ.

ಆಯಿಲ್ ಕೆಟ್ಟಿದೆಯೇ ತಿಳಿಯಲು ಯಂತ್ರ ಬೇಕಿಲ್ಲ. ಮುಚ್ಚಳದ ಕಡ್ಡಿಯಿಂದ ಒಂದು ಹನಿಯನ್ನು ಇದೇ ಪತ್ರಿಕೆಯ ಅಂಚಿನ ಖಾಲಿ ಜಾಗದ ಮೇಲೆ ಬಿಟ್ಟು ಹತ್ತು ನಿಮಿಷ ಕಾಯಿರಿ. ಕೆಂಪಗೆ ಸಮನಾಗಿ ಹರಡಿದರೆ ಇನ್ನೂ ನಡೆಯುತ್ತದೆ. ನಡುವೆ ಕಪ್ಪು ಚುಕ್ಕೆ ಉಳಿದು ಸುತ್ತ ಕಂದು ಉಂಗುರ ಬಿದ್ದರೆ ಬದಲಿಸುವ ಹೊತ್ತಾಗಿದೆ. ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ, ನೊರೆಯಿದ್ದರೆ ಗಾಳಿ ಹಿಡಿದಿದೆ.

ಯಾವ ಆಯಿಲ್ ಎಂಬಲ್ಲೇ ಹೆಚ್ಚಿನ ಅನಾಹುತ ಆಗುವುದು. ಅಂಗಡಿಯಲ್ಲಿ “ಕೆಂಪು ಆಯಿಲ್ ಕೊಡ್ರಿ” ಎಂದು ಕೇಳಬೇಡಿ. ಕೆಂಪು ಎಂಬುದು ಬೆರೆಸಿದ ಬಣ್ಣ, ಗುಣವಲ್ಲ. ಮುಚ್ಚಳದ ಮೇಲೋ ಪುಸ್ತಕದಲ್ಲೋ ಬರೆದದ್ದನ್ನು ಓದಿ. ಬಹಳಷ್ಟು ಗಾಡಿಗಳಿಗೆ ಡೆಕ್ಸ್ರಾನ್ 2 ಅಥವಾ 3 ದರ್ಜೆಯ ಎಟಿಎಫ್ (ಆಟೊಮ್ಯಾಟಿಕ್ ಗೇರ್ ಬಾಕ್ಸಿನ ಆಯಿಲ್) ಸಾಕು. ಹೋಂಡಾದ ಹಳೆಯ ಗಾಡಿಗಳಿಗೆ ಅವರದೇ ಸ್ಟೇರಿಂಗ್ ಆಯಿಲ್ ಪಿಎಸ್‌ಎಫ್ ಬೇಕು. ಯುರೋಪಿನ ಕೆಲವು ಗಾಡಿಗಳದು ಹಸಿರು ಸಿಂಥೆಟಿಕ್ ಆಯಿಲ್, ಅದಕ್ಕೆ ಕೆಂಪನ್ನು ಬೆರೆಸಬಾರದು. ಬ್ರೇಕ್ ಆಯಿಲನ್ನಂತೂ ಒಂದು ಚಮಚವೂ ಹಾಕಬಾರದು. ಅದು ಗ್ಲೈಕಾಲ್ ಜಾತಿಯದು, ಸ್ಟೇರಿಂಗಿನ ರಬ್ಬರ್ ಸೀಲುಗಳನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಇದರ ತಿರುವುಮುರುವು ಇನ್ನೂ ಅಪಾಯದ್ದು: ಸ್ಟೇರಿಂಗ್ ಆಯಿಲ್ ಬ್ರೇಕಿನ ಡಬ್ಬಿಗೆ ಬಿದ್ದರೆ ಬ್ರೇಕಿನ ಸೀಲುಗಳು ಉಬ್ಬಿ ಬ್ರೇಕೇ ಕೈಕೊಡುತ್ತದೆ. ಎರಡಕ್ಕೂ ಒಂದೇ ಲಾಳಿಕೆ, ಒಂದೇ ಸಿರಿಂಜ್ ಬಳಸುವ ಉಳಿತಾಯ ಬೇಡ.

ಗಾಡಿಯೊಳಗೆ ಇರುವುದು ಸುಮಾರು ಒಂದು ಲೀಟರ್ ಆಯಿಲ್. ಬದಲಿಸಲು ಎರಡು ಲೀಟರ್ ತಂದಿಟ್ಟುಕೊಳ್ಳಿ. ಮನೆಯಲ್ಲಿ ಮಾಡಲು ಸುಲಭದ ದಾರಿ ಸಿರಿಂಜಿನದು. ಔಷಧ ಅಂಗಡಿಯಲ್ಲಿ ಸಿಗುವ 50 ಮಿ.ಲೀ. ಫೀಡಿಂಗ್ ಸಿರಿಂಜಿಗೆ ಮೀನಿನ ತೊಟ್ಟಿಯ ಗಾಳಿಪೈಪಿನ ಒಂದಡಿ ತುಂಡು ಸಿಕ್ಕಿಸಿ. ಸಲೈನ್ ಪೈಪ್ ತೀರ ಸಣ್ಣ, ಆಯಿಲ್ ಏರುವಷ್ಟರಲ್ಲಿ ತಾಳ್ಮೆ ಕೆಡುತ್ತದೆ. ಮುಚ್ಚಳ ತೆಗೆಯುವ ಮೊದಲು ಡಬ್ಬಿಯ ಹೊರಮೈಯ ಧೂಳು ಒರೆಸಿ, ಇಲ್ಲದಿದ್ದರೆ ಅದೆಲ್ಲ ಒಳಗೇ ಬೀಳುತ್ತದೆ. ಸಮತಟ್ಟಾದ ಜಾಗ, ಆರಿದ ಇಂಜಿನ್. ಡಬ್ಬಿಯಲ್ಲಿದ್ದಷ್ಟನ್ನೂ ಎಳೆದು ಒಂದು ಬಾಟಲಿಗೆ ಹಾಕಿ, ಹೊಸದನ್ನು ‘ಕೋಲ್ಡ್’ ಗೆರೆಯವರೆಗೆ ತುಂಬಿ, ಇಂಜಿನ್ ಹಚ್ಚಿ ಸ್ಟೇರಿಂಗನ್ನು ಈ ತುದಿಯಿಂದ ಆ ತುದಿಗೆ ನಿಧಾನ ನಾಲ್ಕೈದು ಸಲ ತಿರುಗಿಸಿ, ಆರಿಸಿ. ಮತ್ತೆ ಎಳೆಯಿರಿ, ಮತ್ತೆ ತುಂಬಿ.

ಒಂದೇ ಸಲ ಹೀಗೆ ಮಾಡಿ ‘ಬದಲಿಸಿದೆ’ ಅನ್ನುವವರಿಗೆ ಸಣ್ಣ ಲೆಕ್ಕ. ಒಟ್ಟು ಒಂದು ಲೀಟರಿನಲ್ಲಿ ಡಬ್ಬಿಯಿಂದ 300 ಮಿ.ಲೀ. ಹೊರಬಂದರೆ ಹಳೆಯದು ನೂರಕ್ಕೆ 70 ಉಳಿಯಿತು. ಎರಡನೆಯ ಸಲಕ್ಕೆ 49, ಮೂರಕ್ಕೆ 34, ನಾಲ್ಕಕ್ಕೆ 24, ಐದಕ್ಕೆ 17. ಆರನೆಯ ಸಲಕ್ಕೆ 12ಕ್ಕೆ ಇಳಿಯುತ್ತದೆ; ಅಲ್ಲಿಂದ ಮುಂದೆ ಹಾಕಿದ ಹೊಸ ಆಯಿಲೇ ಹೆಚ್ಚಾಗಿ ಹೊರಬರುತ್ತದೆ, ದಂಡ. ಹಾಗಾಗಿ ಐದು ಸಲ ಸಾಕು, ಐದನ್ನೂ ಒಂದೇ ದಿನ ಮಾಡಬೇಕೆಂದಿಲ್ಲ. ಭಾನುವಾರಕ್ಕೊಂದರಂತೆ ಮಾಡಿದರೆ ನಡುವಿನ ಓಡಾಟದಲ್ಲಿ ಆಯಿಲ್ ಚೆನ್ನಾಗಿ ಬೆರೆಯುತ್ತದೆ. ಬೆಲ್ಟಾಗಲಿ ಪೈಪಾಗಲಿ ಬಿಚ್ಚುವ ಗೋಜಿಲ್ಲ, ಗಾಳಿ ಹಿಡಿಯುವ ಭಯವೂ ಕಡಿಮೆ.

ತೀರ ಕಪ್ಪಾಗಿದ್ದರೆ ರಿಟರ್ನ್ ಪೈಪ್ ಬಿಚ್ಚಿಯೇ ತೆಗೆಯಬೇಕು. ಇದಕ್ಕೆ ಇಬ್ಬರು ಬೇಕು. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂಭಾಗ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಕೈಯನ್ನೂ ಹಾಕಬಾರದು. ಡಬ್ಬಿಗೆ ಸಾಮಾನ್ಯವಾಗಿ ಎರಡು ಪೈಪ್ ಇರುತ್ತವೆ. ದಪ್ಪನೆಯದು ಪಂಪಿಗೆ ಹೋಗುವುದು, ಸಣ್ಣದು ರ‍್ಯಾಕ್‌ನಿಂದ ಮರಳಿ ಬರುವುದು. ಸಣ್ಣದನ್ನು ಬಿಚ್ಚಿ ಬಾಟಲಿಗೆ ಬಿಡಿ, ಡಬ್ಬಿಯ ಕಡೆ ತೆರೆದ ಬಾಯಿಗೆ ರಬ್ಬರ್ ಬಿರಡೆ ಹಾಕಿ. ಇಂಜಿನ್ ಹಚ್ಚದೆ, ಕೀಲಿ ತಿರುಗಿಸಿ ಸ್ಟೇರಿಂಗ್ ಲಾಕ್ ಮಾತ್ರ ಬಿಡಿಸಿಕೊಂಡು ಒಬ್ಬರು ಸ್ಟೇರಿಂಗ್ ತಿರುಗಿಸಲಿ, ಇನ್ನೊಬ್ಬರು ಡಬ್ಬಿಗೆ ಹೊಸ ಆಯಿಲ್ ಹಾಕುತ್ತಿರಲಿ. ಡಬ್ಬಿ ಅರ್ಧಕ್ಕಿಂತ ಕೆಳಗೆ ಇಳಿಯಬಾರದು. ಕೆಲಸ ನಿಧಾನ, ಆದರೆ ಪಂಪಿಗೆ ಅಪಾಯವಿಲ್ಲ. ಇಂಜಿನ್ ಹಚ್ಚಿ ಮಾಡುವವರೂ ಇದ್ದಾರೆ. ಆಗ ಡಬ್ಬಿ ಕೆಲವೇ ಸೆಕೆಂಡಿನಲ್ಲಿ ಬರಿದಾಗುತ್ತದೆ. ಆಯಿಲ್ ಇಲ್ಲದೆ ತಿರುಗಿದ ಪಂಪಿನ ಒಳಗೆ ಗೀರು ಬಿದ್ದರೆ ಅದು ಮತ್ತೆ ಸುಧಾರಿಸುವುದಿಲ್ಲ. ತಿಳಿಯಾದ ಆಯಿಲ್ ಬರತೊಡಗಿದ ಮೇಲೆ ಪೈಪ್ ಕೂರಿಸಿ ಹೊಸ ಕ್ಲಿಪ್ ಹಾಕಿ. ಪೈಪಿನ ತುದಿ ಬಿರುಕು ಬಿಟ್ಟಿದ್ದರೆ ಆಯಿಲಿಗೆಂದೇ ಮಾಡಿದ ಪೈಪ್ ತನ್ನಿ. ರೇಡಿಯೇಟರಿನ ನೀರಿನ ಪೈಪ್ ಹಾಕಿದರೆ ಕೆಲವೇ ತಿಂಗಳಲ್ಲಿ ಉಬ್ಬಿ ಕಳಚುತ್ತದೆ.

ಇನ್ನು ಏರ್ ತೆಗೆಯುವುದು. ಚಕ್ರಗಳು ಎತ್ತಿದ್ದಂತೆಯೇ, ಇಂಜಿನ್ ಹಚ್ಚದೆ, ಮುಚ್ಚಳ ತೆರೆದು, ಸ್ಟೇರಿಂಗನ್ನು ತುದಿಯಿಂದ ತುದಿಗೆ 15–20 ಸಲ ತಿರುಗಿಸಿ. ಗುಳ್ಳೆ ಬರುತ್ತವೆ, ಆಯಿಲ್ ಇಳಿಯುತ್ತದೆ, ತುಂಬುತ್ತಿರಿ. ಹತ್ತು ನಿಮಿಷ ಬಿಟ್ಟು ಇಂಜಿನ್ ಹಚ್ಚಿ, ರೇಸ್ ಕೊಡದೆ ಮತ್ತೆ ಐದಾರು ಸಲ. ತುದಿಯಲ್ಲಿ ಐದು ಸೆಕೆಂಡಿಗಿಂತ ಹೆಚ್ಚು ಒತ್ತಿ ಹಿಡಿಯಬಾರದು. ಅಲ್ಲಿ ಒತ್ತಡ ಇಳಿಸುವ ವಾಲ್ವ್ ತೆರೆದು ಆಯಿಲ್ ಪಂಪಿನಲ್ಲೇ ಸುತ್ತಿ ಕಾಯುತ್ತದೆ. (ಇಕ್ಕಟ್ಟಿನ ಪಾರ್ಕಿಂಗಿನಲ್ಲಿ ಸ್ಟೇರಿಂಗ್ ತುದಿಗೆ ಒತ್ತಿಹಿಡಿದು ಗಾಡಿ ಹೊರಳಿಸುವವರಿಗೂ ಈ ಮಾತು ಸಲ್ಲುತ್ತದೆ.) ನೊರೆ ಎದ್ದರೆ ಆರಿಸಿ ಅರ್ಧ ಗಂಟೆ ಬಿಡಿ. ಏರ್ ಪೂರ್ತಿ ಹೋಯಿತೇ ತಿಳಿಯಲು ಇಂಜಿನ್ ನಡೆಯುವಾಗ ಆಯಿಲಿನ ಮಟ್ಟ ನೋಡಿ, ಆರಿಸಿದ ಕೂಡಲೇ ಮತ್ತೆ ನೋಡಿ. ಐದು ಮಿ.ಮೀ.ಗಿಂತ ಹೆಚ್ಚು ಏರಿದರೆ ಗಾಳಿ ಇನ್ನೂ ಇದೆ. ಬಿಸಿಯಾದ ಮೇಲೆ ‘ಹಾಟ್’ ಗೆರೆಗೆ ಸರಿಯಾಗಿದೆಯೇ ನೋಡಿಕೊಳ್ಳಿ. ಹೆಚ್ಚಾದರೆ ಕಾದು ಉಕ್ಕಿ ಬೆಲ್ಟಿನ ಮೇಲೆ ಬೀಳುತ್ತದೆ, ಬೆಲ್ಟ್ ಜಾರುತ್ತದೆ. ಸೈಲೆನ್ಸರಿನ ಕಾದ ಭಾಗದ ಮೇಲೆ ಬಿದ್ದರೆ ಹೊಗೆ, ಕೆಲವೊಮ್ಮೆ ಬೆಂಕಿ.

ಹೊಸ ಆಯಿಲ್ ಹಾಕಿದ ಮೇಲೂ ಪಂಪ್ ಗೊಂಯ್ ಎನ್ನುತ್ತಿದ್ದರೆ ಡಬ್ಬಿಯ ತಳದ ಸೋಸುವ ಜಾಲರಿ ಕಸ ಕಟ್ಟಿರಬಹುದು. ಹಲವು ಡಬ್ಬಿಗಳಲ್ಲಿ ಅದು ಬಿಚ್ಚಿ ಬರುವುದಿಲ್ಲ, ಡಬ್ಬಿಯನ್ನೇ ಬದಲಿಸಬೇಕು. ಹೊರಳಿಸುವಾಗ ಕಿರ್ರೆಂದರೆ ಅದು ಬೆಲ್ಟಿನ ಸದ್ದು, ಪಂಪಿನದಲ್ಲ. ಒಂದೇ ಕಡೆಗೆ ಬಿಗಿಯಾಗಿದ್ದರೆ ರ‍್ಯಾಕ್‌ನ ಸೀಲ್ ಅಥವಾ ವಾಲ್ವ್ ಹೋಗಿದೆ, ಆಯಿಲಿನಿಂದ ಸರಿಹೋಗದು. ಎರಡೂ ಕಡೆ ಬಿಗಿಯಿದ್ದರೆ ಆಯಿಲಿಗೆ ದುಡ್ಡು ಹಾಕುವ ಮೊದಲು ಮುಂದಿನ ಟೈರುಗಳ ಗಾಳಿ ನೋಡಿ. ಎಷ್ಟೋ ಸಲ ದೋಷ ಅಲ್ಲೇ ಇರುತ್ತದೆ!

“ಹಳೇ ಗಾಡಿಯ ಆಯಿಲ್ ಬದಲಿಸಿದರೆ ಸೀಲ್ ಸೋರುತ್ತದೆ” ಎಂಬ ಮಾತು ನಮ್ಮ ಕಡೆ ಬೇರೂರಿದೆ. ಸೋರುವ ಸೀಲ್ ಮೊದಲೇ ಒಣಗಿ ಗಟ್ಟಿಯಾಗಿರುತ್ತದೆ, ಜಿಡ್ಡು ಅದನ್ನು ಮುಚ್ಚಿಟ್ಟಿರುತ್ತದೆ, ಅಷ್ಟೇ. ಅದಕ್ಕೇ ಮೊದಲು ರ‍್ಯಾಕ್‌ನ ಎರಡೂ ತುದಿಯ ರಬ್ಬರ್ ಬೂಟುಗಳನ್ನು ಹಿಸುಕಿ ನೋಡಬೇಕು. ಒಳಗೆ ಆಯಿಲ್ ತುಳುಕಿದರೆ ರಿಪೇರಿ ಮೊದಲು, ಹೊಸ ಆಯಿಲ್ ಆಮೇಲೆ. ‘ಲೀಕ್ ನಿಲ್ಲಿಸುವ’ ಬಾಟಲಿಗಳು ಸೀಲನ್ನು ಉಬ್ಬಿಸಿ ನಾಲ್ಕು ದಿನ ತಳ್ಳುತ್ತವೆ, ಗಾಡಿ ಮಾರಲು ಹೊರಟವರಿಗೆ ಸರಿ.

ಕೊನೆಗೆ ಉಳಿಯುವುದು ಒಂದೂವರೆ ಲೀಟರ್ ಹಳೆಯ ಆಯಿಲ್. ಗೆದ್ದಲಿಗೆಂದು ತೊಲೆಗೆ ಬಳಿಯುತ್ತಾರೆ, ಇಲ್ಲವೇ ಗಟಾರಕ್ಕೆ ಸುರಿಯುತ್ತಾರೆ. ಗಟಾರದಿಂದ ನಾಲೆಗೆ, ಮಣ್ಣಿನಿಂದ ಬಾವಿಗೆ ಅದು ಹೋಗುತ್ತದೆ. 2016ರ ಕೇಂದ್ರ ನಿಯಮಗಳ ಪ್ರಕಾರ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯ. ಅದನ್ನು ಸಂಸ್ಕರಿಸಲು ಅನುಮತಿ ಪಡೆದ ಘಟಕಗಳೇ ಬೇರೆ ಇವೆ. ಸದ್ಯಕ್ಕೆ ಮುಚ್ಚಳವಿರುವ ಕ್ಯಾನಿನಲ್ಲಿ ತುಂಬಿ, ನೀರನ್ನೂ ಬ್ರೇಕ್ ಆಯಿಲನ್ನೂ ಬೆರೆಸದೆ, ಹಳೆಯ ಆಯಿಲ್ ಡ್ರಮ್ಮಿನಲ್ಲಿ ಸಂಗ್ರಹಿಸುವ ಗ್ಯಾರೇಜಿಗೆ ಕೊಡಬಹುದು. ಹಸಿ ಕಸ, ಒಣ ಕಸ ಬೇರೆ ಮಾಡಿರೆಂದು ಮನೆಬಾಗಿಲಿಗೆ ಬರುವ ಬೆಳಗಾವಿ, ವಿಜಯಪುರ ಮಹಾನಗರ ಪಾಲಿಕೆಗಳೂ ಬಾಗಲಕೋಟೆ ನಗರಸಭೆಯೂ ತಿಂಗಳಿಗೊಂದು ದಿನ ವಾರ್ಡಿನಲ್ಲಿ ಹಳೆಯ ಆಯಿಲಿಗೆಂದು ಒಂದು ಡ್ರಮ್ ಇಡಿಸಲಿ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗಳು ಆ ಡ್ರಮ್ಮನ್ನು ಯಾವ ಘಟಕಕ್ಕೆ ಕಳಿಸಬೇಕೆಂದು ತಿಳಿಸಲಿ.

— ಹೈಡ್ರಾಲಿಕ್ ಕೆಲಸ ಬಲ್ಲ ಓದುಗ, ಉದ್ಯಮಬಾಗ, ಬೆಳಗಾವಿ