ಮೂತ್ರದ ವರದಿಯಲ್ಲಿನ ‘ಒಂದು ಲಕ್ಷ’

ಸದಸ್ಯರ ಗಮನಕ್ಕೆ: ಮೂತ್ರದ ಕಲ್ಚರ್ (ಬ್ಯಾಕ್ಟೀರಿಯಾವನ್ನು ಬೆಳೆಸಿ ಎಣಿಸುವ ಪರೀಕ್ಷೆ) ವರದಿಯಲ್ಲಿ ಸೋಂಕಿನ ಗಡಿಯಾಗಿ ಬರುವ 1,00,000 ಎಲ್ಲಿಂದ ಬಂತೆಂದು ನಿನ್ನೆ ಇಬ್ಬರು ಕೇಳಿದ್ದಿರಿ. ಅದು ಅಮೆರಿಕದ ಬಾಸ್ಟನ್ ನಗರದ ವೈದ್ಯ ಎಡ್ವರ್ಡ್ ಕ್ಯಾಸ್ ಎಳೆದ ಗೆರೆ. ಮೂತ್ರದಲ್ಲಿ ಸಿಕ್ಕಿದ ಬ್ಯಾಕ್ಟೀರಿಯಾ ನಿಜವಾದ ಸೋಂಕೋ, ಮಾದರಿ ಹಿಡಿಯುವಾಗ ಚರ್ಮದಿಂದ ಸೇರಿಕೊಂಡದ್ದೋ ಎಂಬ ಗೊಂದಲ ಬಿಡಿಸಲು 1950ರ ದಶಕದಲ್ಲಿ ಅವರು ಎಣಿಸುತ್ತಾ ಕುಳಿತರು. ಮಿಲಿಲೀಟರಿಗೆ ಲಕ್ಷ ಮುಟ್ಟಿದರೆ ಸೋಂಕು ಎಂಬ ಲೆಕ್ಕ ಹಾಗೆ ಹುಟ್ಟಿತು. ಉರಿಯೂ ಜ್ವರವೂ ಇಲ್ಲದ ಗರ್ಭಿಣಿಯರಲ್ಲಿ ಅಡಗಿರುವ ಸೋಂಕು ಮುಂದೆ ಮೂತ್ರಪಿಂಡಕ್ಕೆ ಏರಬಹುದೆಂದು ತೋರಿಸಿದ್ದು, ನನ್ನ ಮಟ್ಟಿಗೆ, ಅದಕ್ಕಿಂತ ದೊಡ್ಡ ಕೆಲಸ.

ಲಕ್ಷವೇನೂ ಶಿಲಾಶಾಸನವಲ್ಲ, ಉರಿಮೂತ್ರವಿರುವ ಮಹಿಳೆಯರಲ್ಲಿ ಕಡಿಮೆ ಸಂಖ್ಯೆಯೂ ಸೋಂಕೇ ಆಗಿರಬಹುದು. ಇನ್ನೊಂದು ಮಾತು: ಮಾದರಿಯ ಬಾಟಲಿಯನ್ನು ಗಂಟೆಗಟ್ಟಲೆ ಮೇಜಿನ ಮೇಲೆ ಬಿಟ್ಟರೆ ಬ್ಯಾಕ್ಟೀರಿಯಾ ಬೆಳೆದು ಸಾವಿರವೂ ಲಕ್ಷವಾಗುತ್ತದೆ. ತಡವಾಗುವುದಾದರೆ ದಯವಿಟ್ಟು ಫ್ರಿಜ್‌ನಲ್ಲಿಡಿ.