ಮಗಳಿಗೊಂದು ಪತ್ರ: ನಾಲ್ಕು ಬೆರಳು ನೆರಳು

ಹನುಮಂತನಗರ, ಬೆಂಗಳೂರು
ಜನವರಿ 4

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಪ್ರವಾಸದ ಪಟ್ಟಿ ನೋಡಿದೆ. ದೆಹಲಿ, ಆಗ್ರಾ, ಫತೇಪುರ್ ಸಿಕ್ರಿ, ಜೈಪುರ, ಮತ್ತೆ ದೆಹಲಿ. ನಾಲ್ಕು ದಿನ, ಹತ್ತೊಂಬತ್ತು ಜಾಗ. "ನೀವಿಬ್ಬರೂ ಈಗಷ್ಟೇ ಹೋಗಿ ಬಂದಿದ್ದೀರಲ್ಲ ಅಮ್ಮ, ಏನಾದರೂ ಬಿಟ್ಟುಹೋಗಿದ್ದರೆ ಸೇರಿಸು" ಅಂತ ಕೇಳಿದ್ದೀಯ. ಸೇರಿಸೋಕೆ ಏನೂ ಇಲ್ಲ ಕಣೇ. ಅರ್ಧ ತೆಗೆದುಹಾಕು ಅಂತ ಹೇಳೋಕೇ ಬರೆಯುತ್ತಿದ್ದೇನೆ. ಫೋನಲ್ಲಿ ಹೇಳಿದರೆ "ಸರಿ ಅಮ್ಮ" ಅಂದು ಇಟ್ಟುಬಿಡುತ್ತೀಯ.

ಮೊದಲು ಒಂದು ತಪ್ಪು ತಿದ್ದಿಕೋ. ಆಗ್ರಾವನ್ನು ಶುಕ್ರವಾರಕ್ಕೆ ಹಾಕಿದ್ದೀಯ. ಶುಕ್ರವಾರ ತಾಜ್‌ಮಹಲಿಗೆ ಪ್ರವಾಸಿಗರನ್ನು ಬಿಡುವುದಿಲ್ಲ. ಹಾಗೇ ಸೋಮವಾರ ದೆಹಲಿಯ ಕೆಂಪುಕೋಟೆ ಮುಚ್ಚಿರುತ್ತದೆ. ಈ ಎರಡು ದಿನ ನೋಡಿಕೊಂಡು ಕಾರು ಗೊತ್ತುಮಾಡು.

ನಾವು ಹೋಗಿದ್ದು ಡಿಸೆಂಬರ್ ಕೊನೆಯಲ್ಲಿ. ಟ್ರಾವೆಲ್ಸ್‌ನವರು ಹಾಕಿಕೊಟ್ಟ ಪ್ಲ್ಯಾನ್ ಕೂಡ ನಿನ್ನ ಪಟ್ಟಿಯ ಹಾಗೇ ಇತ್ತು. ಬೆಳಗ್ಗೆ ಐದಕ್ಕೇ ದೆಹಲಿ ಬಿಟ್ಟೆವು. ಯಮುನಾ ಎಕ್ಸ್‌ಪ್ರೆಸ್‌ವೇ 165 ಕಿಲೋಮೀಟರ್, ಚೆನ್ನಾಗಿರುವ ರಸ್ತೆ. ಆದರೆ ಅವತ್ತು ಅದು ಕಾಣಿಸಲೇ ಇಲ್ಲ. ನಮ್ಮ ಬೆಂಗಳೂರಿನ ಮಂಜು ಬಿಸಿಲು ಬಂದರೆ ಕರಗುತ್ತದೆ. ಅಲ್ಲಿ ಬಿಸಿಲೇ ಬರುವುದಿಲ್ಲ. ಮುಂದಿನ ಲಾರಿಯ ಕೆಂಪು ದೀಪ ಹತ್ತಿರ ಬಂದ ಮೇಲೇ ಗೊತ್ತಾಗುತ್ತಿತ್ತು. ಡ್ರೈವರ್ ಒಳ್ಳೆಯವನು, ಒಂದು ಕಡೆ ನಿಲ್ಲಿಸಿ ಟೀ ಕುಡಿಸಿದ. ಟ್ರಾವೆಲ್ಸ್ ಆಫೀಸಿನಿಂದ ಮಾತ್ರ "ಲೇಟ್ ಆಗುತ್ತಿದೆ" ಅಂತ ಮೂರು ಸಲ ಫೋನು. ನೀನು ಹೋಗುವ ಫೆಬ್ರವರಿ ಮಧ್ಯದಲ್ಲಿ ಮಂಜು ಕಡಿಮೆ ಇರುತ್ತದೆ. ಆದರೂ ಕತ್ತಲಲ್ಲಿ ಹೊರಡಬೇಡ. ಇದೊಂದು ಮಾತು ಕೇಳು.

ತಾಜ್‌ಮಹಲ್ ಮುಂದೆ ನಿಂತಾಗ ಗುಮ್ಮಟ ಕಾಣಲೇ ಇಲ್ಲ. ಬರೀ ಬಿಳಿ. ಫೋಟೋ ತೆಗೆಯಲು ಬಂದವರೆಲ್ಲ ಪೇಚಾಡುತ್ತಿದ್ದರು. ನಾನು ಗೋಡೆಯ ಹತ್ತಿರ ಹೋದೆ. ಅಮೃತಶಿಲೆಯನ್ನು ಕೊರೆದು ಬಣ್ಣದ ಕಲ್ಲು ಕೂರಿಸಿದ ಹೂಗಳು. ಒಂದು ಎಸಳು ನನ್ನ ಕಿರುಬೆರಳಿನ ಉಗುರಿನಷ್ಟು. ಕಲ್ಲಿಗೂ ಕಲ್ಲಿಗೂ ನಡುವೆ ಸಂದು ಎಲ್ಲಿದೆ ಅಂತ ಕನ್ನಡಕ ಒರೆಸಿಕೊಂಡು ಹುಡುಕಿದೆ. ಸಿಗಲಿಲ್ಲ. ಮಂಜು ಇರದಿದ್ದರೆ ನಾನೂ ದೂರದಿಂದ ಗುಮ್ಮಟ ನೋಡಿ ಬಂದುಬಿಡುತ್ತಿದ್ದೆ.

ಫತೇಪುರ್ ಸಿಕ್ರಿಗೆ ನಮಗೆ ಸಿಕ್ಕಿದ್ದು ನಲವತ್ತು ನಿಮಿಷ. ಅಕ್ಬರ್ ಒಂದು ಇಡೀ ರಾಜಧಾನಿ ಕಟ್ಟಿಸಿ, 1571ರಿಂದ 1585ರವರೆಗೆ ಮಾತ್ರ ಅಲ್ಲಿದ್ದು, ಬಿಟ್ಟುಹೋದ ಊರು ಅದು. ಅಪ್ಪನ ಮಂಡಿ ನೋವು ನಿನಗೆ ಗೊತ್ತಲ್ಲ. ಬುಲಂದ್ ದರ್ವಾಜಾದ ಮೆಟ್ಟಿಲು ಹತ್ತಿ ಇಳಿಯುವಷ್ಟರಲ್ಲಿ ಟೈಮ್ ಮುಗಿಯಿತು. ನನಗೆ ಅಲ್ಲಿಯದು ನೆನಪಿರುವುದು ಬರಿಗಾಲಿಗೆ ತಾಗಿದ ಕಲ್ಲಿನ ಚಳಿ ಮಾತ್ರ. ಆ ರಾತ್ರಿ ಹೋಟೆಲಿನಲ್ಲಿ ಅಪ್ಪ ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಾ "ಇವತ್ತು ಏನೇನು ನೋಡಿದೆವು ಹೇಳು" ಅಂದರು. ನಾನು ಟಿಕೆಟ್ ತೆಗೆದು ನೋಡಿ ಹೇಳಬೇಕಾಯಿತು. ಬೇಜಾರಾಯಿತು ಪುಟ್ಟಿ. ಎಷ್ಟು ವರ್ಷ ಕಾದು ಹೋದ ಪ್ರವಾಸ ಅದು.

ಆಗ್ರಾದಿಂದ ಜೈಪುರಕ್ಕೆ ಹೋಗುವ ದಾರಿಯಲ್ಲಿ ಹೆದ್ದಾರಿ ಬಿಟ್ಟು ಸ್ವಲ್ಪ ಒಳಗೆ ಆಭಾನೇರಿ ಅನ್ನುವ ಊರಿದೆ. ಅಲ್ಲಿಯ ಚಾಂದ್ ಬಾವಡಿ ನಿನ್ನ ಪಟ್ಟಿಯಲ್ಲಿ ಉಳಿಯಲಿ. ಹಂಪಿಯ ಮೆಟ್ಟಿಲು ಕಲ್ಯಾಣಿ ನೋಡಿದ್ದೀಯಲ್ಲ, ಅದನ್ನು ಹದಿಮೂರು ಅಂತಸ್ತು ಆಳಕ್ಕೆ ಇಳಿಸಿದ ಹಾಗೆ. ಸುಮಾರು 3,500 ಮೆಟ್ಟಿಲು. ಕೆಳಗೆ ಇಳಿಯಲು ಬಿಡುವುದಿಲ್ಲ, ಮೇಲಿಂದಲೇ ನೋಡಬೇಕು.

ಈಗ ಜೈಪುರ. ಅಲ್ಲಿಯ ಜಂತರ್ ಮಂತರ್, ಅಂದರೆ ಸೂರ್ಯ-ನಕ್ಷತ್ರ ನೋಡಿ ಅಳೆಯುವ ಹಳೇ ವೀಕ್ಷಣಾಲಯದ ಬಗ್ಗೆ ಹೇಳಲೇಬೇಕು.

ರಾಜ ಸವಾಯಿ ಜಯಸಿಂಹ ಜೈಪುರ ಕಟ್ಟಿಸಲು ಶುರು ಮಾಡಿದ್ದು 1727ರಲ್ಲಿ. ಜಂತರ್ ಮಂತರ್ ಕಟ್ಟಿಸಿದವನೂ ಅವನೇ. ದೆಹಲಿ, ಮಥುರಾ, ಕಾಶಿ, ಉಜ್ಜಯಿನಿಯಲ್ಲೂ ಇಂಥ ವೀಕ್ಷಣಾಲಯ ಕಟ್ಟಿಸಿದ. ಎಲ್ಲಕ್ಕಿಂತ ದೊಡ್ಡದು ಜೈಪುರದ್ದೇ. ಅಲ್ಲಿ ಸಮ್ರಾಟ್ ಯಂತ್ರ ಅಂತ ಒಂದು ನೆರಳು ಗಡಿಯಾರ ಇದೆ. 27 ಮೀಟರ್ ಎತ್ತರದ ತ್ರಿಕೋನದ ಗೋಡೆ. ಅದರ ಇಳಿಜಾರು 27 ಡಿಗ್ರಿ, ಯಾಕೆಂದರೆ ಜೈಪುರದ ಅಕ್ಷಾಂಶ 27. ಹಾಗಾಗಿ ಇಳಿಜಾರು ನೇರ ಧ್ರುವ ನಕ್ಷತ್ರದ ಕಡೆ ನೋಡುತ್ತದೆ. ಬೆಂಗಳೂರಲ್ಲಿ ಕಟ್ಟಿದ್ದರೆ 13 ಡಿಗ್ರಿ ಇಟ್ಟರೆ ಸಾಕಿತ್ತು, ಸುಮ್ನೆ ಒರಗಿ ಮಲಗಿದ ಹಾಗೆ ಕಾಣುತ್ತಿತ್ತು.

ಮೂವತ್ತು ವರ್ಷ ಬೋರ್ಡಿನ ಮೇಲೆ ತ್ರಿಕೋನ ಬರೆದವಳು ನಾನು. ಅಷ್ಟು ದೊಡ್ಡ ತ್ರಿಕೋನದ ಬುಡದಲ್ಲಿ ನಿಂತಾಗ ಗಂಟಲು ಕಟ್ಟಿತು.

ಗೋಡೆಯ ಎರಡೂ ಕಡೆ ಬಿಲ್ಲಿನಂತೆ ಬಾಗಿದ ಅಳತೆಪಟ್ಟಿ ಇದೆ. ಗೋಡೆಯ ನೆರಳು ಅದರ ಮೇಲೆ ಬೀಳುತ್ತದೆ. ನೆರಳಿನ ಅಂಚು ಗೆರೆ ಎಳೆದಂತೆ ಇರುವುದಿಲ್ಲ, ಮಸುಕಾಗಿರುತ್ತದೆ. ಸೂರ್ಯ ಒಂದು ಚುಕ್ಕೆಯಲ್ಲ, ತಟ್ಟೆ ಅಲ್ವಾ, ಅದಕ್ಕೆ. ಗೈಡ್ ಒಂದು ಸಣ್ಣ ಕಡ್ಡಿ ಹಿಡಿದ. ಕಡ್ಡಿಯ ನೆರಳು ಆ ಮಸುಕಿನಲ್ಲಿ ಎಲ್ಲಿ ಕರಗುತ್ತದೋ ಅಲ್ಲಿ ಟೈಮ್ ಓದಬೇಕು ಅಂತ ತೋರಿಸಿದ. ಯಂತ್ರದಲ್ಲಿ 11:40, ನನ್ನ ವಾಚಿನಲ್ಲಿ 12:07. ಅಪ್ಪ "ಹಳೇದು, ತಪ್ಪು ತೋರಿಸುತ್ತಿದೆ" ಅಂದರು. ತಪ್ಪಲ್ಲ ಅಂದೆ. ನಮ್ಮ ವಾಚು ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ಜೈಪುರ ಅದಕ್ಕಿಂತ ಪಶ್ಚಿಮಕ್ಕಿದೆ. ಡಿಗ್ರಿಗೆ ನಾಲ್ಕು ನಿಮಿಷದಂತೆ 27 ನಿಮಿಷ ಹಿಂದೆ. ಅಪ್ಪ ಬೆರಳು ಮಡಚಿ ಲೆಕ್ಕ ಹಾಕಿದರು. ಆಮೇಲೆ ಮೆಲ್ಲಗೆ, "ನಿನ್ನ ಪಾಠ ನಾನು ಕೇಳಿದ್ದು ಇವತ್ತೇ" ಅಂದರು.

ಆ ನೆರಳು ಸೆಕೆಂಡಿಗೆ ಒಂದು ಮಿಲಿಮೀಟರ್‌ನಷ್ಟು ಸರಿಯುತ್ತದೆ. ಅಂದರೆ ನಿಮಿಷಕ್ಕೆ ನಾಲ್ಕು ಬೆರಳಗಲ. ನಾನು ನಾಲ್ಕು ಬೆರಳು ಜೋಡಿಸಿ ಹಿಡಿದೆ. ಅಪ್ಪ ವಾಚು ನೋಡುತ್ತಾ ನಿಂತರು. ಸರಿಯಾಗಿ ಬಂತು ಪುಟ್ಟಿ! ಆಗಲೇ ಟ್ರಾವೆಲ್ಸ್‌ನವರ ಫೋನು, ಆಮೇರ್ ಕೋಟೆಗೆ ಹೊರಡಿ ಅಂತ. ಯಾರಿಗೂ ಇಲ್ಲ ಅನ್ನದ ನಿಮ್ಮಪ್ಪ, ಬಂದಷ್ಟು ಹಿಂದಿಯಲ್ಲಿ "ಆಜ್ ನಹೀ" ಅಂದುಬಿಟ್ಟರು. ಒಂದೂವರೆ ಗಂಟೆ ಅಲ್ಲೇ ಇದ್ದೆವು. ಸಂಜೆ ಹವಾ ಮಹಲನ್ನು ರಸ್ತೆಯಿಂದಲೇ ನೋಡಿದೆವು. 953 ಕಿಟಕಿಯಂತೆ, ನಾವು ಎಣಿಸಲಿಲ್ಲ. ಆಮೇರ್ ಹೋಯಿತು, ಹೋಗಲಿ.

ನೀನು ಹೋದಾಗ 27 ಕೂಡಿಸಿದರೆ ಲೆಕ್ಕ ಸರಿಬರುವುದಿಲ್ಲ. ಫೆಬ್ರವರಿ ಮಧ್ಯದಲ್ಲಿ ನೆರಳು ಗಡಿಯಾರ ಇನ್ನೂ 14 ನಿಮಿಷ ಹಿಂದೆ ಬೀಳುತ್ತದೆ, ಒಟ್ಟು 41. ಭೂಮಿ ವರ್ಷವಿಡೀ ಒಂದೇ ವೇಗದಲ್ಲಿ ಸುತ್ತುಹಾಕುವುದಿಲ್ಲ, ಅದರ ಅಕ್ಷವೂ ವಾಲಿದೆ. ಅಲ್ಲೇ ನಿಂತು ನೋಡಿ ನನಗೆ ಫೋನ್ ಮಾಡು. ಸರಿಬಂತಾ ಹೇಳು.

ಅಲ್ಲಿ ನಿಂತಾಗ ನೀನು ಜಾಸ್ತಿ ನೆನಪಾದೆ. ಐದು ವರ್ಷದವಳು, ಸಂಕ್ರಾಂತಿಯ ಸಂಜೆ ಗವಿಪುರದ ಗಂಗಾಧರೇಶ್ವರನ ಗುಡಿಯಲ್ಲಿ ಅಪ್ಪನ ಹೆಗಲ ಮೇಲೆ ಕೂತಿದ್ದೆ. ನಂದಿಯ ಕೊಂಬುಗಳ ನಡುವೆ ಬಿಸಿಲು ನುಗ್ಗಿ ಗವಿಯೊಳಗಿನ ಲಿಂಗದ ಮೇಲೆ ಬಿದ್ದಾಗ, "ಸೂರ್ಯನಿಗೆ ದಾರಿ ಯಾರಮ್ಮ ಹೇಳಿಕೊಟ್ಟಿದ್ದು?" ಅಂತ ಕೇಳಿದ್ದೆ. ಆ ಜನಜಂಗುಳಿಯಲ್ಲಿ ನಾನು ಸರಿಯಾಗಿ ಉತ್ತರ ಹೇಳಲಿಲ್ಲ.

ಹಬ್ಬಕ್ಕೆ ಹೇಗೂ ಬರುತ್ತೀಯಲ್ಲ. ಹಿಂದಿನ ದಿನವೇ ಬಾ, ಎಳ್ಳು-ಬೆಲ್ಲಕ್ಕೆ ಕೊಬ್ಬರಿ ಹೆಚ್ಚಬೇಕು. ಹಬ್ಬದ ಸಂಜೆ ಬೇಗ ಹೋಗಿ ಗವಿಪುರದಲ್ಲಿ ಸಾಲು ಹಿಡಿಯೋಣ. ಕಾಯುವಾಗ ಆ ಪ್ರಶ್ನೆಗೆ ಉತ್ತರ ಹೇಳುತ್ತೇನೆ. ನಿನ್ನ ಪಟ್ಟಿಯನ್ನೂ ತಾ, ನಿಂತಲ್ಲೇ ಹತ್ತು ಹೆಸರು ಹೊಡೆದುಹಾಕೋಣ.

ಪ್ರವಾಸಕ್ಕೆ ಚಟ್ನಿಪುಡಿ ಮಾಡಿಟ್ಟಿದ್ದೇನೆ.

ನಿನ್ನ,
ಅಮ್ಮ